ಪಹಣಿಯನ್ನು ಕೇಳಿ ಓದುವ ಹಕ್ಕು

(ಉಪನ್ಯಾಸದ ಪಠ್ಯ)



ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಕೇದಾರೇಶ್ವರ ಮತ್ತು ತ್ರಿಪುರಾಂತಕ ದೇವಾಲಯಗಳು. ವಚನ ಸಾಹಿತ್ಯ ಬಲ್ಲವರಿಗೆ ಅಲ್ಲಮಪ್ರಭು ನೆನಪಾಗುತ್ತಾನೆ. ಅದೇ ಊರಿನ ಕೋಡಿಮಠದ ಬಗ್ಗೆ ಅಷ್ಟಾಗಿ ಮಾತು ಕೇಳಿಬರುವುದಿಲ್ಲ. ಕಾಳಾಮುಖ ಯತಿಗಳ ಈ ಮಠ ಕೇದಾರೇಶ್ವರ ದೇವಾಲಯದೊಂದಿಗೆ ಹೊಂದಿಕೊಂಡಿದ್ದ ವಿದ್ಯಾಕೇಂದ್ರ. ಕಳಚೂರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಉದ್ದಕ್ಕೂ ಪಟ್ಟಿ ಮಾಡಿ ಹೇಳುತ್ತದೆ. ಬಿ.ಎಲ್. ರೈಸ್ ಸಂಪಾದಿಸಿ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಅದು ಅಚ್ಚಾಗಿದೆ.

ಪಟ್ಟಿಯಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ಇದೆ. ಅದಾದ ಮೇಲೆ ಬರುವುದು ಅನ್ನದಾನದ ವಿಚಾರ. ಬಡವರು, ಅನಾಥರು, ಕಾಲಿಲ್ಲದವರು, ಕಣ್ಣಿಲ್ಲದವರು, ಕಿವಿ ಕೇಳದವರು, ಕಥೆ ಹೇಳುವವರು, ಹಾಡುವವರು ಹೀಗೆ ಯಾರು ಬಂದರೂ ಅಲ್ಲಿ ಊಟವಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಆಶ್ರಯವೂ ಚಿಕಿತ್ಸೆಯೂ ದೊರೆಯುತ್ತಿದ್ದವು. ಎಂಟೂವರೆ ಶತಮಾನಗಳ ಹಿಂದೆ ಮಲೆನಾಡಿನ ಅಂಚಿನ ಒಂದು ಊರಿನಲ್ಲಿ ಅಂಗವಿಕಲರನ್ನು ಮರೆಯದೆ ಹೆಸರಿಸಿ ಕಲ್ಲಿನ ಮೇಲೆ ಬರೆಸಿದ್ದರು ಎಂಬುದು ಸಣ್ಣ ಸಂಗತಿಯಲ್ಲ.

ಹಾಗೆಂದು ಗತಕಾಲವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಕೋಡಿಮಠ ಕೊಟ್ಟದ್ದು ದಾನ. ಕೊಡುವವರ ಮನಸ್ಸು ಬದಲಾದರೆ ಅಥವಾ ದತ್ತಿಯ ಭೂಮಿ ಕೈತಪ್ಪಿದರೆ ಅದು ನಿಲ್ಲುತ್ತಿತ್ತು. ಇಂದು ಅಂಗವಿಕಲರಿಗೆ ಮಾಸಾಶನ, ಗುರುತಿನ ಚೀಟಿ, ವಿದ್ಯಾರ್ಥಿವೇತನ, ಮೀಸಲಾತಿ ಇವೆಲ್ಲ ಕಾಯ್ದೆ ಮತ್ತು ಸರ್ಕಾರಿ ಆದೇಶದ ಬಲದಿಂದ ಬರುತ್ತವೆ. ದಾನ ಹಕ್ಕಾಗಿ ಬದಲಾದದ್ದು ಕಾಲ ತಂದ ದೊಡ್ಡ ಬದಲಾವಣೆ. ಆದರೆ ಮಠಕ್ಕೆ ಬಾಗಿಲಿದ್ದಂತೆ ಈ ಹಕ್ಕಿಗೂ ಒಂದು ಬಾಗಿಲಿದೆ. ಇತ್ತೀಚಿನ ವರ್ಷಗಳಲ್ಲಿ ಆ ಬಾಗಿಲು ಕಂಪ್ಯೂಟರಿನ ಪರದೆಯ ಮೇಲಿದೆ. ಪರದೆ ಕಾಣದವರಿಗೆ, ಮೌಸ್ ಹಿಡಿಯಲಾಗದವರಿಗೆ, ಧ್ವನಿ ಕೇಳಿಸದವರಿಗೆ ಆ ಬಾಗಿಲು ತೆರೆಯುತ್ತದೆಯೆ ಎಂಬುದೇ ಈ ಉಪನ್ಯಾಸದ ವಿಷಯ.

ಕಲ್ಲು ಮತ್ತು ಡಂಗುರ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಪ್ರಸಿದ್ಧ ಸ್ತಂಭಶಾಸನವಿದೆ. ಐದನೆಯ ಶತಮಾನದಲ್ಲಿ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಅದನ್ನು ಸಂಸ್ಕೃತದಲ್ಲಿ ರಚಿಸಿದ. ಸೊರಬ ತಾಲ್ಲೂಕಿನಲ್ಲೂ ಶಾಸನಗಳಿಗೆ ಕೊರತೆಯಿಲ್ಲ. ಪ್ರಭುತ್ವ ತನ್ನ ಮಾತನ್ನು ಜನರ ಮುಂದೆ ಇಡುತ್ತಿದ್ದ ಒಂದು ಬಗೆ ಇದು. ಆದರೆ ಕಲ್ಲಿನ ಅಕ್ಷರ ಓದಬಲ್ಲವರು ಊರಿಗೆ ಎಷ್ಟು ಮಂದಿ ಇದ್ದಾರು? ಆದ್ದರಿಂದಲೇ ಇನ್ನೊಂದು ಬಗೆಯೂ ರೂಢಿಯಲ್ಲಿತ್ತು. ಅದು ಡಂಗುರ. ಕಂದಾಯದ ಕಂತು, ಕೆರೆಯ ನೀರು ಬಿಡುವ ದಿನ, ಜಾತ್ರೆಯ ನಿಗದಿ ಯಾವುದೇ ಇರಲಿ, ತಳವಾರ ತಮಟೆ ಬಡಿದು ಕೇರಿ ಕೇರಿಯಲ್ಲಿ ಕೂಗಿ ಹೇಳುತ್ತಿದ್ದ. ಓದು ಬಾರದವರಿಗೂ ಕಣ್ಣು ಕಾಣದವರಿಗೂ ಸುದ್ದಿ ಏಕಕಾಲದಲ್ಲಿ ತಲುಪುತ್ತಿತ್ತು.

ಒಂದೇ ಸುದ್ದಿಯನ್ನು ಒಂದಕ್ಕಿಂತ ಹೆಚ್ಚು ಇಂದ್ರಿಯಗಳಿಗೆ ತಲುಪುವಂತೆ ಹೇಳಬೇಕು ಎಂಬುದು ಇದರ ತಿರುಳು. ಇಂದು ತಜ್ಞರು ‘ಸುಗಮ್ಯತೆ’ ಎಂದು ಕರೆಯುವುದು ಇದನ್ನೇ. ಕಣ್ಣಿಗೆ ಕಾಣುವುದು ಕಿವಿಗೂ ಕೇಳಬೇಕು. ಕಿವಿಗೆ ಕೇಳುವುದು ಕಣ್ಣಿಗೂ ಕಾಣಬೇಕು. ಮೌಸಿನಿಂದ ಆಗುವ ಕೆಲಸ ಕೀಲಿಮಣೆಯಿಂದಲೂ ಆಗಬೇಕು. ಇಷ್ಟನ್ನು ಪಾಲಿಸಿದರೆ ಮುಕ್ಕಾಲು ಸಮಸ್ಯೆ ತೀರಿದಂತೆ.

ಇದು ಎಷ್ಟು ಮುಖ್ಯ ಎಂಬುದಕ್ಕೆ ಸೊರಬದವರು ದೂರ ಹೋಗಬೇಕಾಗಿಲ್ಲ. ಮಂಗನಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈದ್ಯಲೋಕದಲ್ಲಿ ಆ ರೋಗಕ್ಕೆ ಇಂದಿಗೂ ಆ ಊರಿನದೇ ಹೆಸರು. ಚಳಿಗಾಲದಿಂದ ಬೇಸಗೆಯವರೆಗೆ ಮಂಗಗಳು ಸತ್ತುಬಿದ್ದಾಗ, ಉಣುಗು ಹೆಚ್ಚಿದಾಗ ಆರೋಗ್ಯ ಇಲಾಖೆ ಎಚ್ಚರಿಕೆ ಹೊರಡಿಸುತ್ತದೆ. ಆ ಎಚ್ಚರಿಕೆ ಬರೀ ಭಿತ್ತಿಪತ್ರದ ಚಿತ್ರವಾಗಿದ್ದರೆ ಅಂಧರಿಗೆ ತಿಳಿಯದು. ಬರೀ ಧ್ವನಿವರ್ಧಕದ ಕೂಗಾಗಿದ್ದರೆ ಕಿವುಡರಿಗೆ ತಿಳಿಯದು. ಇಂಥ ಸಂದರ್ಭದಲ್ಲಿ ಸುಗಮ್ಯತೆ ಎಂಬುದು ಜೀವ ಉಳಿಸುವ ಮಾತಾಗುತ್ತದೆ.

ಪಹಣಿ ಎಂಬ ಕಾಗದ

ಶಿವಮೊಗ್ಗ ಜಿಲ್ಲೆಯಲ್ಲಿ ಪಹಣಿ ಎಂದರೆ ಬರೀ ಕಾಗದವಲ್ಲ. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಗೇಣಿ ಭತ್ತ ಅಳೆಯುವ ಕೊಳಗದ ವಿಚಾರವಾಗಿ. ಒಡೆಯನ ಕೊಳಗ ದೊಡ್ಡದು, ಅಳತೆ ಅವನದೇ ಎಂಬುದು ಅವರ ಅಳಲಾಗಿತ್ತು. ಮುಂದೆ 1974ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಉಳುವವನ ಹೆಸರು ಪಹಣಿಯಲ್ಲಿ ಕುಳಿತಿತು. ಆ ಹೆಸರಿಗಾಗಿ ಒಂದು ತಲೆಮಾರು ಕೋರ್ಟು ಕಚೇರಿ ಅಲೆದಿದೆ.

ಆ ಪಹಣಿಗಳು ರಾಜ್ಯದಾದ್ಯಂತ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿ, ಕೈಬರಹದ ಪುಸ್ತಕಗಳಲ್ಲಿ ಇದ್ದವು. ನಕಲು ಬೇಕೆಂದರೆ ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು. 2001ರ ಸುಮಾರಿಗೆ ‘ಭೂಮಿ’ ಯೋಜನೆ ಜಾರಿಗೆ ಬಂದಾಗ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರ್ ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ದೇಶವಿದೇಶಗಳಲ್ಲಿ ಹೆಸರು ಮಾಡಿದ ಯೋಜನೆ ಇದು.

ಆದರೆ ಅಂಧ ರೈತನೊಬ್ಬನ ಕಡೆಯಿಂದ ಇದನ್ನು ನೋಡಬೇಕು. ಕೈಬರಹದ ಪಹಣಿಯೂ ಅವನಿಗೆ ಮುಚ್ಚಿದ ಪುಸ್ತಕ, ಅಚ್ಚಾದ ಪಹಣಿಯೂ ಮುಚ್ಚಿದ ಪುಸ್ತಕ. ವಿಸ್ತೀರ್ಣ ಎಷ್ಟು, ಸಾಲದ ಕಾಲಂನಲ್ಲಿ ಏನಿದೆ, ತಮ್ಮನ ಹೆಸರು ಯಾವಾಗ ಸೇರಿತು ಎಂಬುದನ್ನೆಲ್ಲ ಬೇರೆಯವರು ಓದಿ ಹೇಳಬೇಕು. ಓದಿ ಹೇಳಿದ್ದು ನಿಜವೆಂದು ನಂಬಬೇಕು. ಕಾಗೋಡಿನ ಗೇಣಿದಾರ ಒಡೆಯನ ಕೊಳಗವನ್ನು ನಂಬಬೇಕಾಗಿದ್ದಂತೆಯೇ ಇವನು ಇನ್ನೊಬ್ಬರ ಕಣ್ಣನ್ನು ನಂಬಬೇಕು.

ಈ ಅವಲಂಬನೆಯನ್ನು ತಪ್ಪಿಸುವ ಶಕ್ತಿ ಮೊದಲ ಬಾರಿಗೆ ಬಂದದ್ದು ಕಂಪ್ಯೂಟರಿಗೇ ಎಂಬುದು ಗಮನಾರ್ಹ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ‘ಸ್ಕ್ರೀನ್ ರೀಡರ್’ ಎಂಬ ತಂತ್ರಾಂಶಗಳಿವೆ. ಹಿಂದೆ ಇವು ದುಬಾರಿಯಾಗಿದ್ದವು. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರ‍್ರನ್ ಎಂಬ ಅಂಧ ಯುವಕ ಎನ್‌ವಿಡಿಎ ಎಂಬ ತಂತ್ರಾಂಶವನ್ನು ಬರೆಯಲು ತೊಡಗಿದರು; ಅವರ ಜೊತೆಗೂಡಿದ ಜೇಮ್ಸ್ ಟೆ ಕೂಡ ಅಂಧರೇ. ಇಂದಿಗೂ ಅದು ಉಚಿತ. ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಟಾಕ್‌ಬ್ಯಾಕ್ ಎಂಬ ಇಂಥದೇ ಸೌಲಭ್ಯ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಚ್ಚಾದ ಕನ್ನಡ ಪುಟವನ್ನು ಗುರುತಿಸಿ ಓದಬಲ್ಲ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶ ತಯಾರಾಗಿದೆ. ಆನಂದಪುರದ ಬಸ್ಸಿಗೆ ಕಾಯುತ್ತಾ ಕುಳಿತಲ್ಲೇ ಅಂಧನೊಬ್ಬ ತನ್ನ ಪಹಣಿಯನ್ನು ತಾನೇ ಕೇಳಿಸಿಕೊಳ್ಳುವುದು ತಾಂತ್ರಿಕವಾಗಿ ಅಸಾಧ್ಯವಲ್ಲ.

ಹಾಗಾದರೆ ತೊಡಕು ಎಲ್ಲಿದೆ?

ಎಡವುವ ಕಲ್ಲುಗಳು

ಮೊದಲ ತೊಡಕು ಕನ್ನಡದ್ದೇ. ಕಂಪ್ಯೂಟರಿಗೆ ಕನ್ನಡ ಬಂದ ಆರಂಭದ ವರ್ಷಗಳಲ್ಲಿ ಕನ್ನಡದ ಅಕ್ಷರರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುವ ಉಪಾಯ ಮಾಡಲಾಗಿತ್ತು. ಬರಹ, ನುಡಿ ಮುಂತಾದವುಗಳ ಹಳೆಯ ಫಾಂಟುಗಳು ಹೀಗೆಯೇ ಇದ್ದವು. ಕಣ್ಣಿಗೆ ಅಚ್ಚ ಕನ್ನಡ ಕಾಣುತ್ತದೆ. ಆದರೆ ಯಂತ್ರದ ಒಳಗಿರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಥ ಕಡತ ತೆರೆದವರು ಆ ಗೊಂದಲವನ್ನು ಕಣ್ಣಾರೆ ಕಂಡಿರುತ್ತಾರೆ. ಸ್ಕ್ರೀನ್ ರೀಡರಿಗೆ ಕಾಣುವುದು ಯಾವಾಗಲೂ ಆ ಗೊಂದಲವೇ. ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತ ಕೊಡುವ ಯೂನಿಕೋಡ್ 1991ರಲ್ಲೇ ಬಂದಿದೆ. ನಂತರದ ಬರಹ, ನುಡಿಗಳೂ ಅದನ್ನು ಒಪ್ಪಿಕೊಂಡಿವೆ. ಆದರೂ ಹಳೆಯ ಫಾಂಟಿನಲ್ಲಿ ಟೈಪು ಮಾಡುವ ಅಭ್ಯಾಸ ಉಳಿದ ಕಡೆಯಲ್ಲೆಲ್ಲ ಆ ದಾಖಲೆ ಅಂಧರ ಪಾಲಿಗೆ ಖಾಲಿ ಹಾಳೆ.

ಎರಡನೆಯದು ಸ್ಕ್ಯಾನ್ ಮಾಡಿದ ಆದೇಶ. ಟೈಪು ಮಾಡಿ, ಅಚ್ಚು ಹಾಕಿ, ಸಹಿ ಮತ್ತು ಮೊಹರು ಬಿದ್ದ ಮೇಲೆ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸಿದರೆ ಅದು ಬರಹವಾಗಿ ಉಳಿಯುವುದಿಲ್ಲ. ಬರಹದ ಫೋಟೊ ಆಗುತ್ತದೆ. ಮೂರನೆಯದು ಹೆಸರಿಲ್ಲದ ಗುಂಡಿಗಳು. ಪರದೆಯ ಮೇಲೆ ಮುದ್ರಣಯಂತ್ರದ ಚಿತ್ರ ಇದ್ದರೆ ಕಣ್ಣಿದ್ದವರು ಅದು ಮುದ್ರಿಸುವ ಗುಂಡಿ ಎಂದು ತಿಳಿಯುತ್ತಾರೆ. ಆ ಚಿತ್ರದ ಹಿಂದೆ ‘ಮುದ್ರಿಸಿ’ ಎಂಬ ಒಂದು ಪದ ಬರೆದಿಡದಿದ್ದರೆ ಸ್ಕ್ರೀನ್ ರೀಡರ್ ಬರೀ ‘ಬಟನ್, ಬಟನ್, ಬಟನ್’ ಎನ್ನುತ್ತದೆ.

ನಾಲ್ಕನೆಯದು ಕ್ಯಾಪ್ಚಾ. ಅರ್ಜಿ ಹಾಕುತ್ತಿರುವುದು ಮನುಷ್ಯನೆ, ಯಂತ್ರವೆ ಎಂದು ತಿಳಿಯಲು ಸೊಟ್ಟಪಟ್ಟ ಅಕ್ಷರಗಳ ಚಿತ್ರ ತೋರಿಸಿ ಅದನ್ನು ಟೈಪು ಮಾಡಿ ಎನ್ನುವ ವಿಧಾನ ಇದು. ಧ್ವನಿಯ ಪರ್ಯಾಯ ಇಲ್ಲದಿದ್ದರೆ ಅಂಧರೆಲ್ಲರೂ ಅದರ ದೃಷ್ಟಿಯಲ್ಲಿ ಮನುಷ್ಯರಲ್ಲ! ಐದನೆಯದು ಸಮಯದ ಮಿತಿ. ಒಟಿಪಿ ಬಂದ ಕೆಲವೇ ನಿಮಿಷದಲ್ಲಿ ಅದನ್ನು ತುಂಬಬೇಕು. ಮೊಬೈಲಿನಲ್ಲಿ ಸಂದೇಶ ಕೇಳಿಸಿಕೊಂಡು, ಕಂಪ್ಯೂಟರಿನಲ್ಲಿ ಕಾಲಂ ಹುಡುಕಿ, ಒಂದೊಂದೇ ಅಂಕಿ ಒತ್ತುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಬೆರಳು ನಡುಗುವವರಿಗೂ ಇದೇ ಪಾಡು.

ಸೊರಬದ ಕಡೆಯ ಒಬ್ಬ ಅಂಧ ಪದವೀಧರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಕುಳಿತಿದ್ದಾನೆ ಎಂದು ಭಾವಿಸಿ. ಹೆಸರು, ವಿಳಾಸ, ಅಂಕಪಟ್ಟಿ ಎಲ್ಲವನ್ನೂ ಅವನು ತಾನೇ ತುಂಬಬಲ್ಲ. ಜನ್ಮದಿನಾಂಕದ ಕ್ಯಾಲೆಂಡರು ಮೌಸಿಗೆ ಮಾತ್ರ ತೆರೆಯುತ್ತದೆ. ಕೊನೆಯಲ್ಲಿ ಕ್ಯಾಪ್ಚಾ ನಿಂತಿದೆ. ನೂರಕ್ಕೆ ತೊಂಬತ್ತೆಂಟು ಪಾಲು ಕೆಲಸ ಮುಗಿಸಿದವನು ಉಳಿದ ಎರಡು ಪಾಲಿಗಾಗಿ ಪಕ್ಕದ ಮನೆಯ ಹುಡುಗನನ್ನು ಕರೆಯಬೇಕು. ಅವನು ಇಲ್ಲದಿದ್ದರೆ ಕೊನೆಯ ದಿನಾಂಕ ತಪ್ಪಬಹುದು. ಅರ್ಹತೆ ಇದ್ದೂ ಸೌಲಭ್ಯ ತಪ್ಪುವುದು ಇಂಥ ಸಣ್ಣ ಕಾರಣಗಳಿಗೆ.

ತೊಡಕು ಅಂಧರಿಗೆ ಮಾತ್ರ ಅಲ್ಲ. ಕಿವುಡರಿಗೆ ಅಡಿಬರಹ ಇಲ್ಲದ ವಿಡಿಯೊ, ಕರೆ ಮಾಡಿದರೆ ಮಾತ್ರ ಉತ್ತರಿಸುವ ಸಹಾಯವಾಣಿ ನಿಷ್ಪ್ರಯೋಜಕ. ಸಂಜ್ಞಾ ಭಾಷೆಯನ್ನೇ ಮಾತೃಭಾಷೆಯಂತೆ ಬಳಸುವವರಿಗೆ ಕಚೇರಿ ಕನ್ನಡ ಪರಭಾಷೆಯಂತೆ ಕಷ್ಟ. ತಪ್ಪಾದ ಕಾಲಂ ಕೆಂಪಾಗಿ, ಸರಿಯಾದದ್ದು ಹಸಿರಾಗಿ ತೋರಿಸಿದರೆ ಬಣ್ಣ ಗುರುತಿಸಲಾಗದವರಿಗೆ ಎರಡೂ ಒಂದೇ. ಉದ್ದುದ್ದದ ವಾಕ್ಯ, ಮುದುಡಿದ ಅಕ್ಷರ ಬೌದ್ಧಿಕ ತೊಂದರೆ ಉಳ್ಳವರನ್ನೂ ವಯಸ್ಸಾದವರನ್ನೂ ಒಟ್ಟಿಗೆ ಹೊರಗಿಡುತ್ತವೆ.

ಕಾಯ್ದೆ ಏನು ಹೇಳುತ್ತದೆ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ದೇಶದ ಅಂಗವಿಕಲರಲ್ಲಿ ಶೇಕಡ 69ರಷ್ಟು ಮಂದಿ ಹಳ್ಳಿಗಳಲ್ಲಿದ್ದರು. ಆಗ ಲೆಕ್ಕಕ್ಕೆ ತೆಗೆದುಕೊಂಡ ವಿಧಗಳು ಕಡಿಮೆ. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. ಅದರ ಬದಲಿಗೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ.

ಎರಡು ಕಾಯ್ದೆಗಳ ನಡುವೆ 2006ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 2007ರಲ್ಲಿ ಅದನ್ನು ಅನುಮೋದಿಸಿತು. 2016ರ ಕಾಯ್ದೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಅದರ 42ನೆಯ ಸೆಕ್ಷನ್ ಮಾಹಿತಿ ಮತ್ತು ಸಂಪರ್ಕ ತಂತ್ರಜ್ಞಾನ ಅಂಗವಿಕಲರಿಗೆ ಎಟುಕುವಂತಿರಬೇಕು ಎನ್ನುತ್ತದೆ. ಕಾಯ್ದೆ ಉಲ್ಲಂಘಿಸಿದರೆ ಮೊದಲ ಬಾರಿಗೆ 10 ಸಾವಿರ ರೂಪಾಯಿವರೆಗೆ, ಆನಂತರ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸರ್ಕಾರಿ ಜಾಲತಾಣ ಹೇಗಿರಬೇಕು ಎಂಬ ಮಾರ್ಗಸೂಚಿಯೂ ಇದೆ. ಮೊದಲು 2009ರಲ್ಲಿ ಬಂದ ಅದರ ಮೂರನೆಯ ಆವೃತ್ತಿ 2023ರಲ್ಲಿ ಹೊರಬಿದ್ದಿದೆ. ಒಟ್ಟಿನಲ್ಲಿ ನಿಯಮಗಳಿಗೆ ಬರವಿಲ್ಲ.

ಆದರೆ ಮಾರ್ಗಸೂಚಿ ಎಂಬ ಪದದಲ್ಲೇ ಒಂದು ಸಡಿಲು ಇತ್ತು. ಪಾಲಿಸಿದರೆ ಒಳ್ಳೆಯದು, ಪಾಲಿಸದಿದ್ದರೆ ಕೇಳುವವರಿಲ್ಲ ಎಂಬ ಸ್ಥಿತಿ. ರಾಜೀವ್ ರಾತೂರಿ ಎಂಬ ಅಂಧ ಅರ್ಜಿದಾರರು 2005ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಈ ಸಡಿಲನ್ನು ಎತ್ತಿ ತೋರಿಸಿತು. ಕಾಯ್ದೆ ಕಡ್ಡಾಯ ಎಂದದ್ದನ್ನು ನಿಯಮಗಳು ಬರೀ ಸಲಹೆಯ ಮಟ್ಟಕ್ಕೆ ಇಳಿಸಿವೆ ಎಂದು ಹೇಳಿ, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. 2025ರ ಏಪ್ರಿಲ್ 30ರಂದು ಇನ್ನೊಂದು ತೀರ್ಪು ಬಂತು. ಬ್ಯಾಂಕ್ ಖಾತೆ ಮುಂತಾದವುಗಳಿಗೆ ಗುರುತು ಖಚಿತಪಡಿಸುವಾಗ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎಂದು ಕೇಳುತ್ತಾರೆ. ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಕಳೆದುಕೊಂಡವರು ಹೇಗೆ ಮಿಟುಕಿಸಬೇಕು? ಅಂಥವರೂ, ಅಂಧರೊಬ್ಬರೂ ಹೂಡಿದ ಮೊಕದ್ದಮೆಗಳಲ್ಲಿ ನ್ಯಾಯಾಲಯ 20 ನಿರ್ದೇಶನಗಳನ್ನು ನೀಡಿತು. ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸಾರಿತು.

ನೆರವು ಬೇರೆ, ಸ್ವಾತಂತ್ರ್ಯ ಬೇರೆ

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಹಳ್ಳಿಗಳಲ್ಲಿ ಗ್ರಾಮ ಒನ್ ಕೇಂದ್ರಗಳಿವೆ, ಹೋಬಳಿಗಳಲ್ಲಿ ನಾಡಕಚೇರಿಗಳಿವೆ. ಅಂಗವಿಕಲರಿಗೆ ನೆರವಾಗಲೆಂದೇ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ದುಡಿಯುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಹೀಗಿರುವಾಗ ಅಂಧರು ತಾವೇ ಕಂಪ್ಯೂಟರ್ ಬಳಸಬೇಕೆಂಬ ಹಟ ಏಕೆ?

ನೆರವು ಬೇಕು, ನಿಜ. ಮೊಬೈಲೇ ಇಲ್ಲದವರಿಗೆ, ಓದು ಬಾರದವರಿಗೆ ಈ ಕಾರ್ಯಕರ್ತರೇ ಕಣ್ಣು, ಕೈ. 2021ರ ಜೂನ್ 1ರಿಂದ ಅಂಗವೈಕಲ್ಯದ ಪ್ರಮಾಣಪತ್ರವನ್ನು ಯುಡಿಐಡಿ ಜಾಲತಾಣದ ಮೂಲಕವೇ ನೀಡುವುದು ಕಡ್ಡಾಯವಾಗಿದೆ. ಮಾಸಾಶನಕ್ಕಾಗಲಿ ಬಸ್ ಪಾಸಿಗಾಗಲಿ ಮೊದಲು ಬೇಕಾದದ್ದು ಅಂಗವೈಕಲ್ಯದ ಪುರಾವೆ. ಎಂದರೆ, ಅಂಗವಿಕಲ ಎಂದು ಸಾಬೀತು ಮಾಡುವುದಕ್ಕೂ ಮೊದಲು ಒಂದು ಜಾಲತಾಣ ದಾಟಬೇಕು. ನೆರವಿಲ್ಲದೆ ಎಷ್ಟೋ ಮಂದಿ ಅದನ್ನು ದಾಟಲಾರರು.

ಆದರೆ ನೆರವು ಒಂದೇ ದಾರಿಯಾದಾಗ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಗುಪ್ತಪದ ಬೇರೆಯವರಿಗೆ ಹೇಳಬೇಕು. ಒಟಿಪಿ ಹೇಳಬೇಕು. ಬ್ಯಾಂಕಿನಲ್ಲಿ ಎಷ್ಟಿದೆ, ಆಸ್ತಿಯ ತಗಾದೆ ಏನು, ಕಾಯಿಲೆ ಯಾವುದು ಎಂಬುದೆಲ್ಲ ಊರಿಗೆ ತಿಳಿಯಬಹುದು. ಮನೆಯವರ ಮೇಲೆಯೇ ದೂರು ಕೊಡಬೇಕಾದ ಅಂಗವಿಕಲ ಮಹಿಳೆ ಅರ್ಜಿ ತುಂಬಲು ಮನೆಯವರನ್ನೇ ಕರೆಯುವುದಾದರೂ ಹೇಗೆ? ನೆರವು ಆಯ್ಕೆಯಾಗಿರಬೇಕು, ಅನಿವಾರ್ಯ ಆಗಬಾರದು.

ಇನ್ನೊಂದು ಮುಖವೂ ಇದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಮಲೆನಾಡಿನ ಬಡ ಕುಟುಂಬಗಳನ್ನು ತಲೆಮಾರುಗಳಿಂದ ಕಾಡಿದೆ. ಸೊಂಟ, ಮೊಣಕಾಲಿನ ಕೀಲುಗಳು ಹಾಳಾಗಿ ನಡೆಯುವುದೇ ದುಸ್ತರವಾಗುತ್ತದೆ. ಅಂಥವರಿಗೆ ತಾಲ್ಲೂಕು ಕಚೇರಿಯ ಮೆಟ್ಟಿಲಿಗಿಂತ ಮನೆಯಲ್ಲೇ ಕುಳಿತು ಬಳಸುವ ಮೊಬೈಲ್ ನಿಜಕ್ಕೂ ವರ. ತಂತ್ರಜ್ಞಾನ ಶತ್ರುವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಒಬ್ಬರಿಗೆ ತೆರೆದ ಬಾಗಿಲು ಇನ್ನೊಬ್ಬರಿಗೆ ಮುಚ್ಚದಂತೆ ನೋಡಿಕೊಂಡರೆ ಸಾಕು.

ಖರ್ಚಿನ ನೆಪವೂ ನಿಲ್ಲುವುದಿಲ್ಲ. ಯೂನಿಕೋಡಿನಲ್ಲಿ ಟೈಪು ಮಾಡಲು ಹಣ ಬೇಡ. ಸಹಿ ಮಾಡಿದ ಆದೇಶದ ಜೊತೆಗೆ ಅದರ ಮೂಲ ಬರಹವನ್ನೂ ಹಾಕಲು ಹಣ ಬೇಡ. ಗುಂಡಿಗೆ ಹೆಸರು ಕೊಡಲು ಒಂದು ಸಾಲು ಸಾಕು. ಕಟ್ಟಿದ ಮೇಲೆ ಗೋಡೆ ಒಡೆದು ಇಳಿಜಾರು ದಾರಿ ಮಾಡುವುದಕ್ಕಿಂತ ಕಟ್ಟುವಾಗಲೇ ಮಾಡುವುದು ಅಗ್ಗ ಎಂಬುದು ಮೇಸ್ತ್ರಿಗಳಿಗೂ ಗೊತ್ತಿರುವ ವಿಚಾರ. ಜಾಲತಾಣಕ್ಕೂ ಅದೇ ಲೆಕ್ಕ.

ಪರೀಕ್ಷೆಯೂ ಸುಲಭ. ಕಚೇರಿಯ ಯಾವುದೇ ಸೇವೆಯನ್ನು ಒಮ್ಮೆ ಮೌಸ್ ಕಿತ್ತಿಟ್ಟು ಬಳಸಿ ನೋಡಬೇಕು. ಒಮ್ಮೆ ಪರದೆ ಆರಿಸಿ, ಎನ್‌ವಿಡಿಎ ಹಾಕಿಕೊಂಡು ನೋಡಬೇಕು. ಒಮ್ಮೆ ಧ್ವನಿ ಪೂರ್ತಿ ನಿಲ್ಲಿಸಿ ನೋಡಬೇಕು. ಎಲ್ಲಿ ಎಡವುತ್ತದೆಯೋ ಅಲ್ಲಿ ಕಲ್ಲಿದೆ. ಅದಕ್ಕಿಂತ ಒಳ್ಳೆಯ ಪರೀಕ್ಷಕರು ಸ್ಥಳೀಯ ಅಂಗವಿಕಲರೇ. ಎಡವಿದವರು ಸುಮ್ಮನಿರಬೇಕಾಗಿಲ್ಲ.  ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಸಲ್ಲಿಸಬಹುದು.

ಬಳ್ಳಿಗಾವಿಯ ಶಾಸನ ಬರೆಸಿದವರು ತಮ್ಮ ಕಾಲಕ್ಕೆ ಸಾಧ್ಯವಾದದ್ದನ್ನು ಮಾಡಿದರು. ಬಂದವರಿಗೆ ಅನ್ನ ಇಟ್ಟರು. ಇಂದು ಕೇಳುತ್ತಿರುವುದು ಅದಕ್ಕಿಂತ ಸಣ್ಣದು, ಆದರೆ ಬೇರೆಯದು. ತನ್ನ ಹೆಸರಿನ ಪಹಣಿಯನ್ನು, ತನ್ನ ಅರ್ಜಿಯ ಉತ್ತರವನ್ನು ಇನ್ನೊಬ್ಬರ ಕಣ್ಣಿನ ಹಂಗಿಲ್ಲದೆ ತಾನೇ ಓದಿಕೊಳ್ಳುವ ಅವಕಾಶ ಅದು. ಕಣ್ಣಿನಿಂದಾದರೂ ಸರಿ, ಕಿವಿಯಿಂದಾದರೂ ಸರಿ, ಬೆರಳಿನಿಂದಾದರೂ ಸರಿ. ಅಷ್ಟನ್ನು ಕೊಡಲು ಇಂದಿನ ಶಿಕಾರಿಪುರಕ್ಕಾಗಲಿ ಸೊರಬಕ್ಕಾಗಲಿ ರಾಜರ ದತ್ತಿ ಬೇಕಾಗಿಲ್ಲ. ಕಾಯ್ದೆ ಈಗಾಗಲೇ ಬರೆದಿಟ್ಟದ್ದನ್ನು ಮಾಡಿದರೆ ಸಾಕು.